ಸಾಲಿನಲ್ಲಿ ಎಲ್ಲಕ್ಕಿಂತ ಹಗುರದ ಹೊರೆ

ತೆಂಡಗೂರು ಗುಡ್ಡದ ಬುಡ,
ಹಿರಿಯರು ಕೂರುವ ಮುನ್ನಾದಿನ

ಮಾವ,

ನಿನ್ನ ಹೆಸರು ಬರೆದು ಈ ಕಾಗದ ಶುರುಮಾಡುವ ಹಾಗಿಲ್ಲ. ಮಣ್ಣು ಕಾಣದವನ ಹೆಸರನ್ನು ಬಾಯಲ್ಲಿ ಆಡಬಾರದು ಎನ್ನುವುದು ನಮ್ಮವರ ಕಟ್ಟಳೆ. ಬರೆಯಬಹುದೋ ಬಾರದೋ ಯಾರೂ ಹೇಳಿಲ್ಲ, ಯಾಕೆಂದರೆ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಬರೆದವರೇ ಇಲ್ಲ. ಆದರೂ ಬರೆಯುವುದಿಲ್ಲ. ಲಿಂಡಿ ಬಂದರಿನ ಮಸೀದಿ ಜಗಲಿಯಲ್ಲಿ ಕಲಿತ ನಾಲ್ಕಕ್ಷರದ ಜಂಬ ತೋರಿಸಿ ಅಮ್ಮನಿಗೆ ಇನ್ನೊಂದು ನೋವು ಕೊಡಲಾರೆ.

ನೀನು ಸತ್ತು ಇಪ್ಪತ್ತು ವರ್ಷ ದಾಟಿತು. ನಿನ್ನ ಹೆಸರು ಇನ್ನೂ ಯಾರ ಮೈಮೇಲೂ ಇಳಿದಿಲ್ಲ. ಮಾವನ ಹೆಸರು ಅಕ್ಕನ ಮಗನಿಗೆ ಇಳಿಯಬೇಕು, ಇಳಿಸಬೇಕಾದವಳು ಒಡಹುಟ್ಟಿದವಳು, ಅವಳು ಮೊದಲು ತಮ್ಮನ ಮೈಮೇಲೆ ತನ್ನ ಕೈಯಾರೆ ಮಣ್ಣು ಹಾಕಿರಬೇಕು. ಇದು ನಿನಗೆ ನಾನು ಹೇಳಿಕೊಡಬೇಕಾದ ಪಾಠವಲ್ಲ. ಆದರೆ ಅಮ್ಮ ಈಗ ಹಾಸಿಗೆ ಹಿಡಿದಿದ್ದಾಳೆ. ಅವಳು ಹೋದರೆ ಇಳಿಸುವ ಕೈಯೇ ಇಲ್ಲ. ಪೂರ್ವಿಕರ ಮರದ ಬುಡಕ್ಕೆ ಹಿಟ್ಟು ಸುರಿದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವಾಗ ನಿನ್ನನ್ನು ಯಾರೂ ಕರೆಯುವುದಿಲ್ಲ. ಆಮೇಲೆ ನೀನು ಇದ್ದೆ ಎನ್ನುವುದೂ ಇಲ್ಲ. ನಾಳೆ ಹಿರಿಯರು ಕೂರುತ್ತಾರೆ. ಹೆಸರು ಇಳಿಸಬಹುದೋ, ಅಮ್ಮನ ಜೊತೆಗೇ ಅದನ್ನೂ ಹೂಳಬೇಕೋ ಎಂದು ತೀರ್ಮಾನ ಮಾಡುತ್ತಾರೆ. ನಡೆದದ್ದನ್ನೆಲ್ಲ ನಾನು ಅವರ ಮುಂದೆ ಹೇಳಬೇಕು. ಅವರಿಗೆ ಹೇಳುವ ಮೊದಲು ನಿನಗೆ ಹೇಳುತ್ತಿದ್ದೇನೆ. ಓದಲು ನಿನಗೆ ಬರುತ್ತಿರಲಿಲ್ಲ, ನಿಜ. ಈಗ ನೀನಿರುವುದು ಪ್ರೊಫೆಸರುಗಳ ಮನೆಯಲ್ಲಿ. ಅವರಲ್ಲೇ ಯಾರಾದರೂ ಓದಿ ಹೇಳಲಿ.

ನನ್ನ ನೆನಪಿನ ನೀನು ಕುಂಟುತ್ತಾ ಬರುವವನು. ಜೇನು ಕೀಳಲು ಮರ ಹತ್ತಿ ಬಿದ್ದು ನಿನ್ನ ಎಡ ಮೊಣಕಾಲ ಕೆಳಗಿನ ಎಲುಬು ಮುರಿದಿತ್ತು. ಕಟ್ಟು ಸರಿಯಾಗಿ ಬೀಳದೆ ಸೊಟ್ಟಗೆ ಕೂಡಿಕೊಂಡಿತ್ತು. ನೀನು ಅದನ್ನೂ ತಮಾಷೆಗೆ ಹಾಕುತ್ತಿದ್ದೆ. "ನನ್ನ ಈ ಕಾಲಿಗೆ ಸ್ವಂತ ಬುದ್ಧಿ ಐತೆ ಕಣೋ ತವಾಕಲಿ. ನಾನು ಹೊಲಕ್ಕೆ ಅಂತ ಹೊರಟ್ರೆ ಅದು ಹೆಂಡದ ಮನೆ ಕಡೆ ತಿರುಗ್ತದೆ. ಅದರ ಜೊತೆ ಜಗಳ ಯಾಕೆ ಅಂತ ನಾನೂ ಹೋಗ್ತೀನಿ." ನಿನ್ನ ಹೆಗಲ ಮೇಲೆ ಕೂತರೆ ಲೋಕವೆಲ್ಲ ಒಂದು ಕಡೆಗೆ ವಾಲಿ ವಾಲಿ ನಡೆಯುತ್ತಿತ್ತು. ಅಮ್ಮ ತಾಮ್ರದ ತಂತಿ ಹೆಣೆದು ಮಾಡಿಕೊಟ್ಟ ಬಳೆ ನಿನ್ನ ಕೈಯಲ್ಲಿ ಸದಾ ಇರುತ್ತಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು.

ಹೊಲವೆಂದರೆ ಎಂಥ ಹೊಲ. ನಮ್ಮ ಜೋಳ ತೆನೆಯಲ್ಲೇ ಉದುರುತ್ತಿತ್ತು. ನಾವು ಜರ್ಮನ್ನರ ಸರ್ಕಾರದ ಹತ್ತಿ ಬಿಡಿಸುತ್ತಿದ್ದೆವು. ಹತ್ತಿ ಉಣ್ಣಲು ಬರುವುದಿಲ್ಲ ಎಂದು ಹೇಳಿದ್ದಕ್ಕೆ ನಿನ್ನ ಬೆನ್ನ ಮೇಲೆ ನೀರಾನೆ ಚರ್ಮದ ಚಾಟಿ ಆಡಿತು. ಆ ವರ್ಷವೇ ಬೆಟ್ಟಗಳಾಚೆಯಿಂದ ಮಂತ್ರದ ನೀರು ಬಂತು. ಕುಡಿದವರಿಗೆ ಜರ್ಮನ್ನರ ಗುಂಡು ನೀರಾಗುತ್ತದೆ ಎಂದರು, ಊರೂರೇ ದಂಗೆಗೆ ಎದ್ದಿತು. ಅಮ್ಮ ನಿನ್ನ ಕಾಲು ಹಿಡಿದು ಕೂತಳು, ಆ ಸೊಟ್ಟ ಕಾಲನ್ನೇ. ನೀನು ಅವಳ ಬೆರಳು ಒಂದೊಂದಾಗಿ ಬಿಡಿಸುತ್ತಾ ಹೇಳಿದ್ದು ನನಗೆ ಇವತ್ತಿಗೂ ಕೇಳುತ್ತದೆ: "ಗುಂಡು ನೀರಾಗ್ತದೋ ಇಲ್ವೋ ನನಗೆ ಗೊತ್ತಿಲ್ಲ ಅಕ್ಕಾ. ಆ ಹತ್ತಿ ಹೊಲದಲ್ಲಿ ಬಗ್ಗಿ ಬಗ್ಗಿ ನಾನೇ ನೀರಾಗಿ ಹೋಗಿದೀನಿ. ಬಿಡು."

ಈಗ ನಾಲ್ಕಕ್ಷರ ಓದಿದವರು ನಗುತ್ತಾರೆ, ನೀರು ನಂಬಿ ಸತ್ತ ಮೂಢರು ಎಂದು. ನಗಲಿ. ನೀವು ನಂಬಿದ್ದು ನೀರನ್ನಲ್ಲ. ಒಂದೇ ಮಡಕೆಯಿಂದ ಕುಡಿದ ಪಕ್ಕದವನನ್ನು ನಂಬಿದಿರಿ. ಅದಕ್ಕೆ ಮೊದಲು ಹೊಳೆಯ ಆಚೆಯವನು ಈಚೆಯವನ ಕೈಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಆ ಒಂದೇ ಮಡಕೆಯನ್ನು ಕಂಡೇ ಜರ್ಮನ್ನರಿಗೆ ಭಯವಾದದ್ದು. ಭಯವಾಗದಿದ್ದರೆ ಯಂತ್ರದ ಬಂದೂಕು ಯಾಕೆ ತರುತ್ತಿದ್ದರು? ಸತ್ತ ಮೇಲೂ ಹೂಳಬಾರದು ಎಂದು ಯಾಕೆ ಹುಕುಂ ಮಾಡುತ್ತಿದ್ದರು? ಕಣಜಗಳಿಗೆ ಬೆಂಕಿಯಿಟ್ಟರು. ಗುಂಡಿಗೆ ಸತ್ತವರಿಗಿಂತ ಹಸಿವಿಗೆ ಸತ್ತವರೇ ಹೆಚ್ಚು. ಅಮ್ಮ ನಿನ್ನನ್ನು ಹುಡುಕಿದಳು. ಕತ್ತೆಕಿರುಬಗಳು ಓಡಾಡುವ ಕಡೆಯೆಲ್ಲ ಒಂದು ಕೋಲು ಹಿಡಿದು ಹುಡುಕಿದಳು. ಸಿಗಲಿಲ್ಲ. ನಿನ್ನ ಜೊತೆಗಾರನ್ಯಾರೋ ನಿನ್ನನ್ನು ಎಳೆದು ಈ ಗುಡ್ಡದ ಇಳಿಜಾರಿನ ಒಂದು ತಗ್ಗಿಗೆ ಹಾಕಿ ಕಾಲಿನಿಂದ ಮಣ್ಣು ನೂಕಿದ್ದ ಎನ್ನುವುದು ನಮಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ಆಮೇಲೆ, ಮಾವ, ಎಲುಬು ಹುಡುಕುವವರು ಬಂದರು.

ನಿನಗೆ ನಗು ಬರುತ್ತದೆ. ನಮ್ಮ ಎಲುಬುಗಳು ಹೊಲಹೊಲದಲ್ಲಿ ಬೆಳ್ಳಗೆ ಬಿದ್ದಿದ್ದವು, ಅವು ಅವರಿಗೆ ಬೇಕಿರಲಿಲ್ಲ. ಮನುಷ್ಯ ಹುಟ್ಟುವ ಮೊದಲು ಇದ್ದ ಪ್ರಾಣಿಗಳವು ಬೇಕಿದ್ದವು. ಈ ಗುಡ್ಡದ ಹೊಟ್ಟೆಯೊಳಗೆ ಅವು ಮಲಗಿದ್ದವು. ಒಂದು ತೊಡೆಯೆಲುಬು ನನ್ನೆತ್ತರ; ಒಂದು ಬೆನ್ನುಮೂಳೆಯ ಗಂಟು ಹೊರಲು ಇಬ್ಬರು. ಬೆನ್ನ ತುಂಬ ಮುಳ್ಳಿನವು, ಬಾಲದಲ್ಲಿ ಈಟಿ ಇದ್ದವು, ಆನೆಯನ್ನು ಕುರಿಮರಿ ಮಾಡುವಂಥವು. ನಾವು ದುಡಿಯಲು ಹೋದೆವು. ಯಾಕೆ ಹೋದೆ ಎಂದು ಕೇಳಬೇಡ. ಕಣಜ ಸುಟ್ಟವನೇ ಮುದ್ದೆ ಹಾಕುತ್ತಾನೆ ಎಂದರೂ ಹಸಿದವನು ಕೈ ನೀಡುತ್ತಾನೆ. ಗಂಡಸರು ಅಗೆದೆವು. ಹೆಂಗಸರು ಹೊಳೆಯಿಂದ ನೀರು ತಂದರು, ಕೆಮ್ಮಣ್ಣು ತುಳಿದರು. ಅಮ್ಮ ಮಣ್ಣು ತುಳಿಯುವವಳಾದಳು.

ನಮ್ಮ ಬಿಳಿ ದೊರೆ, ಬ್ವಾನಾ, ಕನ್ನಡಕದವನು, ಉದ್ದ ಕತ್ತಿನವನು. ಕೆಟ್ಟವನೆಂದು ಹೇಳಲಾರೆ. ಒಂದು ದವಡೆ ಸಿಕ್ಕ ದಿನ ಗುಂಡಿಯಲ್ಲಿ ಮಂಡಿಯೂರಿ ಅಳುತ್ತಿದ್ದ. ಕುಂಚ ಹಿಡಿದು ಎಲುಬಿನ ಮೇಲಿನ ಧೂಳು ಸವರುವಾಗ ಅವನ ಕೈ ಬಾಣಂತಿಯ ಕೈಯಂತಿರುತ್ತಿತ್ತು. ಅದನ್ನು ನೋಡುತ್ತಾ ನಿಂತ ನಮ್ಮ ಬೆನ್ನುಗಳ ಮೇಲೆ ಅವನ ಸರ್ಕಾರ ಬರೆದ ಗೀರುಗಳಿದ್ದವು. ಸತ್ತ ಪ್ರಾಣಿಗೆ ಇಷ್ಟು ಮರುಗುವ ಜನ ಬದುಕಿರುವವನಿಗೆ ಯಾಕೆ ಮರುಗುವುದಿಲ್ಲ? ಈ ಪ್ರಶ್ನೆಯನ್ನು ಅಂದಿನಿಂದ ಹೊತ್ತು ತಿರುಗುತ್ತಿದ್ದೇನೆ. ಉತ್ತರ ಬೇಕಿಲ್ಲ. ಉತ್ತರ ಗೊತ್ತು.

ಎಲುಬನ್ನು ಕಟ್ಟುವ ಕ್ರಮ ಹೇಳುತ್ತೇನೆ, ಕೇಳು. ನಾಳೆಯ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ಸುಣ್ಣ ಗಾರೆ ಇಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಎಲುಬಿಗೆ ಮೊದಲು ಮೆತ್ತನೆಯ ಹುಲ್ಲು, ಹತ್ತಿ. ಅದರ ಮೇಲೆ ಹೆಂಗಸರು ತುಳಿದು ಹದ ಮಾಡಿದ ಕೆಮ್ಮಣ್ಣು, ಅಂಗೈದಪ್ಪ. ಮಣ್ಣು ಆರುವ ಮೊದಲು ಸುತ್ತ ಬಿದಿರ ದಬ್ಬೆ ನಿಲ್ಲಿಸಿ ಮರದ ನಾರಿನಿಂದ ಬಿಗಿಯುವುದು. ಒಣಗಿದರೆ ಕಲ್ಲು. ಬ್ವಾನಾ ಬಂದು ಮೇಲೆ ಬಣ್ಣದಲ್ಲಿ ನಂಬರು ಬರೆಯುತ್ತಾನೆ. ಚಪ್ಪರದಲ್ಲಿ ಸಾಲಾಗಿ ಜೋಡಿಸಿದ ಹೊರೆಗಳನ್ನು ಹೊರೆಯಾಳುಗಳು ತಲೆಯ ಮೇಲೆ ಸಿಂಬೆಯಿಟ್ಟು ಲಿಂಡಿ ಬಂದರಿಗೆ ಒಯ್ಯುತ್ತಾರೆ, ನಾಲ್ಕು ದಿನದ ದಾರಿ. ಅಲ್ಲಿಂದ ಹಡಗು.

ನೀನು ಸಿಕ್ಕಿದ್ದು ಹೊಸ ಗುಂಡಿ ತೆಗೆಯುವಾಗ, ಸೊಂಟದಾಳಕ್ಕೂ ಹೋಗುವ ಮೊದಲೇ. ಪಿಕಾಸಿ ಹಿಡಿದವನು ಕಜೆಂಬೆ, ನನ್ನ ಜೊತೆಗಾರ. "ಇದು ದೊಡ್ಡದಲ್ಲ ಕಣಪ್ಪ, ಇದು ನಮ್ಮಂಥದು" ಎಂದ. ಎಲ್ಲರೂ ಕೈ ನಿಲ್ಲಿಸಿದರು. ನಾನು ಬಗ್ಗಿ ನೋಡಿದೆ. ಮೊದಲು ಕಂಡದ್ದು ಆ ಕಾಲು. ಎಡ ಮೊಣಕಾಲ ಕೆಳಗೆ, ಮೊಣಕೈಯಂತೆ ಬಾಗಿ ಕೂಡಿಕೊಂಡ ಎಲುಬು. ಆಮೇಲೆ ಹಸಿರು ಹಿಡಿದ ಬಳೆ.

ಅಷ್ಟು ಹೊತ್ತಿಗೆ ಬ್ವಾನಾ ಏರಿಯ ಮೇಲೆ ಬಂದು ನಿಂತು ಏನು ಸಿಕ್ಕಿತು ಎಂದು ಕೇಳಿದ. ನಮ್ಮ ಮೇಸ್ತ್ರಿ ಸಲೂಮು ಕರಾವಳಿಯವನು, ನಮ್ಮನ್ನು ಕಾಡು ಜನ ಎಂದೇ ಕರೆಯುತ್ತಿದ್ದವನು. ಆತ ಗುಂಡಿಯೊಳಗೆ ನೋಡಿದ, ನನ್ನ ಮುಖ ನೋಡಿದ, ಮೇಲೆ ನೋಡಿ ಹೇಳಿದ: "ಹಳೇ ಹಂದಿ ಮೂಳೆ ಬ್ವಾನಾ. ಬಿಸಾಕ್ತೀವಿ." ಬ್ವಾನಾ ಹೋದ ಮೇಲೆ ಸಲೂಮು ನನ್ನ ಕಡೆ ತಿರುಗಿಯೂ ನೋಡದೆ, "ನಾನೇನೂ ನೋಡಿಲ್ಲ. ನೋಡದೆ ಇರೋದಕ್ಕೇ ನನಗೆ ಸಂಬಳ. ಬೇಗ ಮುಗಿಸ್ರಿ" ಎಂದು ಬೀಡಿ ಹೊತ್ತಿಸಿಕೊಂಡು ಹೊರಟ.

ಯಾಕೆ ಮುಚ್ಚಿಟ್ಟೆವು ಎಂದರೆ, ದಂಗೆಯಲ್ಲಿ ಸತ್ತವರ ತಲೆಬುರುಡೆಗಳಿಗೂ ಗಿರಾಕಿ ಇದ್ದ ಕಾಲ ಅದು. ಕುದಿಸಿ, ಕೆರೆದು, ಅಳತೆ ಮಾಡಲು ಅವರ ದೇಶಕ್ಕೆ ಕಳಿಸುತ್ತಿದ್ದರು. ಹೂತು ಮುಚ್ಚಿಬಿಡಬಹುದಿತ್ತಲ್ಲ ಎನ್ನಬೇಡ. ಮಾರನೆಯ ದಿನ ಆ ಗುಂಡಿ ಇನ್ನೂ ಆಳಕ್ಕೆ ಹೋಗಬೇಕಿತ್ತು. ನಿನ್ನನ್ನು ಊರಿಗೆ ಒಯ್ಯಬೇಕಿತ್ತು. ಆದರೆ ದಾರಿಯಲ್ಲಿ ಅಸ್ಕಾರಿ ಸಿಪಾಯಿಗಳ ಕಾವಲು, ಗಂಟು ಬಿಚ್ಚಿಸಿ ನೋಡುತ್ತಿದ್ದರು. ಬಿಚ್ಚದೆ ಬಿಡುತ್ತಿದ್ದುದು ಒಂದನ್ನು ಮಾತ್ರ: ಬ್ವಾನಾನ ಎಲುಬಿನ ಹೊರೆಯನ್ನು.

ಬ್ವಾನಾ ಉಂಡು ತೂಗುಜೋಲಿಯಲ್ಲಿ ನಿದ್ದೆಹೋಗುವ ಮಧ್ಯಾಹ್ನದ ಹೊತ್ತಿನಲ್ಲಿ, ಚಪ್ಪರದ ಹಿಂದೆ, ನಾವು ನಿನ್ನನ್ನು ಕಟ್ಟಿದೆವು. ಅಮ್ಮ ಬಂದಳು. ಅಳಲಿಲ್ಲ. ಸೊಟ್ಟ ಎಲುಬನ್ನು ಕೈಗೆತ್ತಿಕೊಂಡು, "ಬಂದೆಯಾ ಕುಂಟ. ಇಷ್ಟು ಹೊತ್ತು ಬೇಕಾಯ್ತಾ?" ಎಂದಳು. ಕಜೆಂಬೆ ಮುಖ ಆಚೆ ತಿರುಗಿಸಿದ. ಅವಳೇ ಹುಲ್ಲು ಹಾಸಿದಳು. ಹೊಳೆ ದಂಡೆಯಿಂದ ತಾನೇ ಹೊತ್ತು ತಂದ ಮಣ್ಣು, ತಾನೇ ತುಳಿದ ಮಣ್ಣು, ತನ್ನ ಅಂಗೈಯಿಂದಲೇ ಬಳಿದಳು. ಬಳೆಯನ್ನು ತೆಗೆಯಲು ಒಪ್ಪಲಿಲ್ಲ. ನಾವು ದಬ್ಬೆ ಬಿಗಿದೆವು. ಬೇಸಾಯ ಮಾಡುವ ಕೈಗಳು ಎರಡು ವರ್ಷದಲ್ಲಿ ಎಲುಬು ಕಟ್ಟುವುದನ್ನು ಎಷ್ಟು ಚೆನ್ನಾಗಿ ಕಲಿತಿದ್ದವು ಅಂದರೆ, ಕಟ್ಟಿ ಮುಗಿದ ಮೇಲೆ ಬೇರೆ ಹೊರೆಗೂ ನಿನಗೂ ವ್ಯತ್ಯಾಸವೇ ಇರಲಿಲ್ಲ.

ಮಣ್ಣು ಆರಲು ಎರಡು ದಿನ ಬೇಕು. ಎಲ್ಲಿಡುವುದು? ಪೊದೆಯಲ್ಲಿ ಮುಚ್ಚಿಡೋಣ ಎಂದ ಕಜೆಂಬೆ. ಅಮ್ಮ ಒಪ್ಪಲಿಲ್ಲ. ಸತ್ತವನನ್ನು ಮಣ್ಣಿಗಿಡುವವರೆಗೆ ಒಂಟಿಯಾಗಿ ಬಿಡಬಾರದು, ಜನರ ನಡುವೆ ಇರಿಸಬೇಕು. "ಅಷ್ಟು ವರ್ಷ ಒಬ್ಬನೇ ಇದ್ದನಲ್ಲೋ, ಸಾಕಾಗಿಲ್ವಾ?" ಎಂದಳು. ಹಾಗಾಗಿ ನಿನ್ನನ್ನು ಚಪ್ಪರದೊಳಗೆ, ಹೊರೆಗಳ ಸಾಲಿನಲ್ಲೇ, ನಾವು ಮಲಗುವ ಜಾಗದ ಪಕ್ಕ ಇಟ್ಟೆವು. ಹೊರೆಯಾಳುಗಳು ಬರಲು ಇನ್ನೂ ವಾರವಿತ್ತು. ನಾನು ಅಮ್ಮನ ಜೊತೆ ಊರಿಗೆ ಹೋದೆ, ಹಿಟ್ಟು ಕುಟ್ಟಿಸಲು, ಜೋಳದ ಹೆಂಡ ಇಡಿಸಲು, ಹಿರಿಯರಿಗೆ ಹೇಳಲು. ಊರಿನವರೆಲ್ಲ ನಿನಗೆ ತೋಡಬೇಕಾದ ಗುಂಡಿಯನ್ನು ಖುಷಿಯಿಂದಲೇ ತೋಡಿದರು. ಅಷ್ಟು ಸಾವಾಗಿತ್ತಲ್ಲ, ಹೂಳಲು ಒಂದು ಮೈ ಸಿಕ್ಕಿದ್ದೇ ಹಬ್ಬದಂತಿತ್ತು.

ಹಡಗು ಲಿಂಡಿಗೆ ಮೊದಲೇ ಬಂತು. ಅದಕ್ಕೇ ಹೊರೆಯಾಳುಗಳೂ ಮೊದಲೇ ಬಂದರು, ದಕ್ಷಿಣದ ಕಡೆಯ ಅಪರಿಚಿತರು, ನಮ್ಮವರೆಲ್ಲ ದೂರದ ಗುಂಡಿಯಲ್ಲಿದ್ದಾಗ. ಹೊರೆಯಾಳುಗಳ ಪದ್ಧತಿ ನಿನಗೆ ಗೊತ್ತು, ನೀನೂ ಒಂದು ಕಾಲದಲ್ಲಿ ಆನೆದಂತ ಹೊತ್ತವನು: ನಗಾರಿ ಬಡಿದ ತಕ್ಷಣ ಎಲ್ಲರೂ ಓಡುತ್ತಾರೆ. ಎತ್ತಿ ನೋಡಿ, ಹಗುರವಾದುದನ್ನು ಹುಡುಕಿ, ತಮ್ಮ ಕೋಲನ್ನು ಅದರ ಮೇಲಿಡುತ್ತಾರೆ. ಕೋಲಿಟ್ಟವನದೇ ಹೊರೆ, ಕೊನೆಯವರೆಗೂ ಬದಲಿಲ್ಲ.

ಮಾವ, ಆ ಸಾಲಿನಲ್ಲಿ ನಿನ್ನಷ್ಟು ಹಗುರದ ಹೊರೆ ಇನ್ನೊಂದಿರಲಿಲ್ಲ.

ನಂಬರಿಲ್ಲದ್ದನ್ನು ಕಂಡ ಬ್ವಾನಾ ತಾನೇ ಮರೆತಿರಬೇಕೆಂದು ಕುಂಚ ತಂದು ಬರೆದನಂತೆ. ಕಜೆಂಬೆ ಗುಂಡಿಯಿಂದ ಓಡಿಬರುವ ಹೊತ್ತಿಗೆ ಸಾಲು ಗುಡ್ಡ ಇಳಿದಿತ್ತು. ಅವನು ಊರಿಗೆ ಬಂದು ಹೇಳುವಾಗ ಅಮ್ಮ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿ ನಿಲ್ಲಿಸಲಿಲ್ಲ. "ಓಡು" ಎಂದಳು ನನಗೆ. ಅಷ್ಟೇ.

ಓಡಿದೆ. ಕಜೆಂಬೆಯೂ ಬಂದ. ಲಿಂಡಿ ಮುಟ್ಟಿದಾಗ ಹೊರೆಗಳೆಲ್ಲ ಸುಂಕದ ಕಟ್ಟೆಯ ಗೋಡೌನಿಗೆ ಸೇರಿ ಮರದ ಪೆಟ್ಟಿಗೆಗಳಿಗೆ ಇಳಿಯುತ್ತಿದ್ದವು. ಹೊರೆಯಾಳುಗಳು ತೆಂಗಿನ ಮರದ ಕೆಳಗೆ ಅನ್ನ ಉಣ್ಣುತ್ತಿದ್ದರು. ನಿನ್ನನ್ನು ಹೊತ್ತವನನ್ನು ಹುಡುಕಿದೆ. ಮುಂದಿನ ಹಲ್ಲಿಲ್ಲದ, ನಗುಮುಖದ ಮನುಷ್ಯ. "ಓ, ಅದಾ? ನಿಮ್ಮೂರ ದೇವರು ದೊಡ್ಡವನು ಮಾರಾಯ. ನನ್ನ ಜನ್ಮದಲ್ಲಿ ಅಂಥಾ ಹೊರೆ ಸಿಕ್ಕಿಲ್ಲ. ಇವ್ರೆಲ್ಲಾ ಕತ್ತು ಮುರ್ಕೊಂಡ್ರು, ನಾನು ಹಾಡ್ಕೊಂಡು ಬಂದೆ" ಎಂದ. ಪಕ್ಕದವನು ಅನ್ನದ ಬಾಯಲ್ಲೇ, "ಹಾಡಿದ್ದೇ ಅಲ್ಲ, ಕುಣಿದ. ಮುಂದಿನ ಸಲ ಇವನ ತಲೆ ಮೇಲೆ ತೊಡೆಮೂಳೆ ಹೊರಿಸ್ರಿ" ಎಂದು ನಕ್ಕ. ಏನು ಹಾಡಿದೆ ಎಂದು ಕೇಳಿದೆ. ಅವನಿಗೆ ನನ್ನ ಮುಖದಲ್ಲಿ ಏನೋ ಕಂಡಿರಬೇಕು. "ಮನೆಗೆ ಹೋಗೋ ಹಾಡು" ಎಂದ, ಸಣ್ಣಗೆ.

ಗೋಡೌನಿನ ಗುಮಾಸ್ತನೂ ನಮ್ಮ ಬಣ್ಣದವನೇ, ಬಿಳಿ ಅಂಗಿಯವನು. ಅವನಿಗೆ ಕೈ ಮುಗಿದು ಸುಳ್ಳು ಹೇಳಿದೆ: ಆ ಚಿಕ್ಕ ಹೊರೆಯಲ್ಲಿ ಎಲುಬಿಲ್ಲ, ಬರೀ ಮಣ್ಣು, ತಪ್ಪಾಗಿ ಬಂದಿದೆ, ವಾಪಸು ಒಯ್ಯುತ್ತೇನೆ. ಅವನು ನನ್ನ ಕಾಲಿನ ಧೂಳು ನೋಡಿ ಹೇಳಿದ: "ನಂಬರು ಬಿದ್ದಾಯ್ತು. ನಂಬರು ಬಿದ್ದ ಮೇಲೆ ಮಣ್ಣಾದ್ರೂ ಚಕ್ರವರ್ತಿ ಕೈಸರ್‌ದು, ಬೂದಿಯಾದ್ರೂ ಕೈಸರ್‌ದು. ನಡಿ ಆಚೆ." ಒಳಗಿರುವುದು ನನ್ನ ಮಾವ ಎಂದು ಕೂಗಲು ಬಾಯಿ ತೆರೆದೆ. ಕಜೆಂಬೆ ಅಂಗೈಯಿಂದ ನನ್ನ ಬಾಯಿ ಮುಚ್ಚಿ ಕಿವಿಯಲ್ಲಿ ಹೇಳಿದ: "ಕೂಗಿದ್ರೆ ಏನಾಗ್ತದೆ ಹೇಳು. ಒಡೀತಾರೆ. ತಲೆ ಬೇರೆ ತೆಗೀತಾರೆ, ಕಾಲು ಬೇರೆ ಬಿಸಾಕ್ತಾರೆ. ಈಗ ಹೆಂಗಾದರೂ ಒಟ್ಟಿಗೆ ಇದಾನಲ್ಲೋ." ಮೊಳೆ ಹೊಡೆಯುವ ಸದ್ದು ಕೇಳುತ್ತಾ ಅಲ್ಲೇ ಗೋಡೆಗೊರಗಿ ಕೂತೆವು. ಮಾರನೆಯ ಬೆಳಗ್ಗೆ ಹಡಗು ಹೋಯಿತು. ಊರಲ್ಲಿ ನಿನಗಾಗಿ ತೋಡಿದ ಗುಂಡಿಯನ್ನು ಖಾಲಿ ಮುಚ್ಚುವುದು ಅಪಶಕುನವೆಂದು ಒಂದು ಬಾಳೆದಿಂಡು ಹಾಕಿ ಮುಚ್ಚಿದರು. ಅಮ್ಮ ಅಲ್ಲಿಗೆ ಬರಲಿಲ್ಲ.

ಆ ಪ್ರಾಣಿಗಳಿಗೆಲ್ಲ ಅವರು ಹೆಸರಿಟ್ಟರು. ಈಗ ಕೈಸರ್ ಇಲ್ಲ. ದೊಡ್ಡ ಯುದ್ಧದಲ್ಲಿ ಒಬ್ಬರನ್ನೊಬ್ಬರು ತಿಂದು, ಜರ್ಮನ್ನರು ಹೋಗಿ ಇಂಗ್ಲಿಷರು ಬಂದಿದ್ದಾರೆ. ಅವರೂ ಇದೇ ಗುಡ್ಡ ಅಗೆಸುತ್ತಿದ್ದಾರೆ. ದೊರೆ ಬದಲಾದ, ನಮ್ಮ ತಲೆ ಅದೇ, ಸಿಂಬೆ ಅದೇ. ಹೊಸ ಬ್ವಾನಾ ಒಂದು ಚಿತ್ರ ತೋರಿಸಿದ. ಬೆನ್ನ ಮೇಲೆ ಮುಳ್ಳಿನ ಪ್ರಾಣಿಯನ್ನು ಅಲ್ಲಿ ಕಬ್ಬಿಣದ ಸರಳು ಕೊಟ್ಟು ನಿಲ್ಲಿಸಿದ್ದಾರೆ. ನಾನು ಕೈಯಾರೆ ತೆಗೆದ ಬಾಲ. ಅದರ ಹೆಸರು ಮುಳ್ಳುಹಲ್ಲಿ ಎಂದು ಅರ್ಥವಂತೆ. ಎಲ್ಲಕ್ಕಿಂತ ದೊಡ್ಡದಕ್ಕೆ ಅವರ ಯಾರೋ ಪ್ರೊಫೆಸರನ ಹೆಸರು. ಮೇಕೆಯಷ್ಟು ಚುರುಕಿನ ಇನ್ನೊಂದಕ್ಕೆ 'ಹಿಡಿಯಲು ಸಿಗದ ಹಲ್ಲಿ' ಎಂದು ಹೆಸರಂತೆ. ಸಿಗದ್ದು ಯಾರಿಗೆ? ನಮ್ಮ ಗುದ್ದಲಿಗೆ ಬುಟ್ಟಿಗಟ್ಟಲೆ ಸಿಕ್ಕಿತ್ತು. ಲೆಕ್ಕವಿಲ್ಲದಷ್ಟು ಕಾಲದ ಹಿಂದೆ ಸತ್ತ ಹಲ್ಲಿಗೂ ಒಂದು ಹೆಸರು ಹುಡುಕಿ, ಹಲಗೆಯ ಮೇಲೆ ಬರೆದು, ಮಕ್ಕಳಿಗೆ ಓದಿಸುತ್ತಾರೆ. ನಿನ್ನ ಹೆಸರು ಗೊತ್ತಿರುವವರು ಇಡೀ ಊರಿದ್ದಾರೆ, ಬಾಯಿ ಬಿಡುವ ಹಾಗಿಲ್ಲ.

ಆ ಬ್ವಾನಾನನ್ನು ಕೇಳಿದೆ, ಜರ್ಮನ್ನರು ಬಿದಿರಿನ ಹೊರೆಗಳನ್ನೆಲ್ಲ ಬಿಚ್ಚಿದರೇ ಎಂದು. ಅವನು ನಕ್ಕ: "ಎಲ್ಲಿ ಬಿಚ್ತಾರೆ? ನೆಲಮಾಳಿಗೆ ತುಂಬಾ ರಾಶಿ ಬಿದ್ದಿದೆ. ಅವರ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ." ಆ ಮಾತನ್ನು ಅಮ್ಮನಿಗೆ ಹೇಳಿದ ದಿನವೇ ಅವಳು ಹಿರಿಯರನ್ನು ಕೂಡಿಸು ಎಂದದ್ದು. ಅವಳ ತಲೆಯಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ನಾಳೆ ಗೊತ್ತಾಗುತ್ತದೆ. ದೀಪದ ಎಣ್ಣೆ ಉಳಿಸಬೇಕು, ನಿಲ್ಲಿಸುತ್ತೇನೆ.

*

ಮಾವ, ಕೆಲವು ದಿನ ಬಿಟ್ಟು ಮತ್ತೆ ಕೂತಿದ್ದೇನೆ.

ಅಮ್ಮನನ್ನು ಚಾಪೆಯ ಸಮೇತ ಎತ್ತಿ ಮರದ ಕೆಳಗೆ ತಂದೆವು. ನಾನು ನಿನಗೆ ಬರೆದದ್ದನ್ನೆಲ್ಲ ಹೇಳಿದೆ. ಕಜೆಂಬೆ ಸಾಕ್ಷಿ ನುಡಿದ. ಹಿರಿಯರಲ್ಲಿ ದೊಡ್ಡವನು ನಂಡೊಲೆ, ನಿನಗೆ ಗೊತ್ತಲ್ಲ, ಈಗಲೂ ಅದೇ ಗಂಟಲು. ಅವನು ಅಡ್ಡ ನಿಂತ. "ಸಮಾಧಿ ಎಲ್ಲಿ? ಜರ್ಮನ್ನರ ಗೋಡೌನು ಸ್ಮಶಾನ ಆಗ್ತದಾ? ಮೈ ಒಂದು ಕಡೆ, ಹೆಸರು ಒಂದು ಕಡೆ ಇಟ್ರೆ, ಹೆಸರು ಹೊತ್ತವನ ಬೆನ್ನು ಬೀಳ್ತಾನೆ ಸತ್ತವನು. ಈ ಹುಡುಗ ಕೆಡೋದು ಬೇಡ" ಎಂದ. ಐವತ್ತರ ಹತ್ತಿರ ಬಂದಿರುವ ನಾನು ಅವನಿಗಿನ್ನೂ ಹುಡುಗ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಹೆದರಿಕೆ ಇತ್ತು. ಉಳಿದವರೂ ತಲೆಯಾಡಿಸಿದರು. ಮುಗಿಯಿತು ಎಂದುಕೊಂಡೆ.

ಆಗ ಅಮ್ಮ ಮೊಣಕೈಯೂರಿ ಎದ್ದಳು. "ನಂಡೊಲೆ, ನೀನು ನನ್ನ ಮದುವೇಲಿ ಕುಡಿದು ಕೋಳಿ ಗೂಡಿನೊಳಗೆ ಬಿದ್ದಿದ್ದವನು. ನನಗೆ ಕಟ್ಟಳೆ ಹೇಳೋಕೆ ಬರಬೇಡ" ಎಂದಳು. ಮುದುಕರೆಲ್ಲ ನಕ್ಕುಬಿಟ್ಟರು, ಅವನೂ ನಕ್ಕ. ನಗು ನಿಲ್ಲುವವರೆಗೆ ಕಾದು ಅವಳು ಕೇಳಿದಳು: "ಕಟ್ಟಳೆ ಏನು ಹೇಳ್ತದೆ? ಅಕ್ಕನ ಕೈಯ ಮಣ್ಣು ತಮ್ಮನ ಮೈಮೇಲೆ ಬೀಳಬೇಕು ಅಂತ. ಬಿದ್ದಿಲ್ವಾ? ಈ ಕೈಯೇ ತಾನೆ ಬಳಿದದ್ದು? ನಮ್ಮ ಹೊಳೆ ಮಣ್ಣು. ನಾನು ಹೊತ್ತದ್ದು, ನಾನು ತುಳಿದದ್ದು. ಒಂದು ಎಲುಬನ್ನೂ ಬಿಡದೆ ಮುಚ್ಚಿದೀನಿ. ನಿಮ್ಮ ಅಪ್ಪಂದಿರಿಗೆ ಒಂದು ಹಿಡಿ ಬಿತ್ತು, ನನ್ನ ತಮ್ಮನಿಗೆ ಮೈತುಂಬಾ ಬಿದ್ದಿದೆ. ಅದನ್ನ ಆ ಜರ್ಮನ್ನರು ಬಿಚ್ಚಿಲ್ವಂತೆ. ಅವನು ಆವತ್ತೇ ಮಣ್ಣಾದ. ಮಣ್ಣಿನ ಸಮೇತ ಕದ್ದೊಯ್ದಿದಾರೆ. ಎಲ್ಲಿ ಮಲಗಬೇಕು ಅಂತ ಕಟ್ಟಳೇಲಿ ಎಲ್ಲಿದೆ? ಹೇಳಿಲ್ಲ. ಯಾಕಂದ್ರೆ ಸಮಾಧೀನೂ ಹೊತ್ಕೊಂಡು ಹೋಗೋ ಕಳ್ಳರು ಹುಟ್ತಾರೆ ಅಂತ ನಮ್ಮಜ್ಜಂದಿರಿಗೆ ಗೊತ್ತಿರಲಿಲ್ಲ."

ನಂಡೊಲೆ ಎದ್ದು ಹಿಟ್ಟಿನ ಬುಟ್ಟಿಯನ್ನು ತಾನೇ ತಂದು ಅಮ್ಮನ ಮುಂದಿಟ್ಟ.

ಅವಳು ಮರದ ಬುಡಕ್ಕೆ ಹಿಟ್ಟು ಸುರಿದಳು. ಗುಪ್ಪೆ ಒಂದು ಕಡೆಗೆ ವಾಲಿತು, ನಾನು ಸರಿಮಾಡಲು ಹೋದರೆ ಬೇಡವೆಂದಳು. ನನ್ನ ಹಣೆಗೂ ಎದೆಗೂ ಹಿಟ್ಟು ಹಚ್ಚಿದಳು. ಆಮೇಲೆ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ನುಂಗಿಕೊಂಡಿದ್ದ ಹೆಸರನ್ನು ಕೂಗಿ ಕರೆದಳು. ಲಿಕಾಂಗಾ. ಊರವರೆಲ್ಲ ಕರೆದರು, ಲಿಕಾಂಗಾ, ಲಿಕಾಂಗಾ, ನಿನ್ನ ಕಾಲದ ಮುದುಕಿಯರು ಅಳುತ್ತಾ ಕರೆದರು. ಆ ಹೆಸರಿಗೆ ಈಗ, ನೀನು ಹೆಗಲ ಮೇಲೆ ಹೊತ್ತಿದ್ದ ನಾನು ಓಗೊಡಬೇಕಿತ್ತು. ಓಗೊಟ್ಟೆ.

ಗೆದ್ದೆವು ಅಂದುಕೊಂಡೆಯಾ ಮಾವ? ನಾನೂ ಅಂದುಕೊಂಡೆ. ಅವರ ಪುಸ್ತಕಕ್ಕೆ ಸಿಗದ ಒಂದು ಹೆಸರನ್ನು ನಾವು ಕಿತ್ತುಕೊಂಡೆವು ಎಂದು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ಇಷ್ಟು ವರ್ಷ ಲಿಂಡಿಗೆ ಯಾರು ಹೋಗಿ ಬಂದರೂ ಅಮ್ಮ ಒಂದೇ ಮಾತು ಕೇಳುತ್ತಿದ್ದಳು, "ಆ ಕಡೆಯ ಹಡಗು ಬಂದಿತ್ತಾ? ಏನಾದ್ರೂ ಇಳಿಸಿದ್ರಾ?" ನಿನ್ನೆ ಕಜೆಂಬೆಯ ಅಳಿಯ ಲಿಂಡಿಯಿಂದ ಬಂದು ಅವಳ ಬಳಿ ಕೂತ. ಅವಳು ಕೇಳಲಿಲ್ಲ. ನನ್ನ ಕಡೆ ತಿರುಗಿ ನಿನ್ನ ಹೆಸರು ಹಿಡಿದು ಕರೆದು ನೀರು ಕೇಳಿದಳು. ತಡವಾಗಿದ್ದಕ್ಕೆ ಕುಂಟ ಎಂದು ಬೈದಳು. ನನ್ನ ಎರಡು ಕಾಲೂ ನೆಟ್ಟಗಿವೆ ಮಾವ. ನಾನು ಕುಂಟುತ್ತಾ ಹೋಗಿ ನೀರು ತಂದೆ.

ಅವಳ ತಮ್ಮ ಮನೆಗೆ ಬಂದಿದ್ದಾನೆ. ಇನ್ನು ಅವಳು ಯಾರಿಗೂ ಕಾಯುವುದಿಲ್ಲ. ನಿನ್ನ ಹೆಸರು ಈಗ ಜಗಳಕ್ಕೆ, ತೆರಿಗೆಗೆ, ಊಟಕ್ಕೆ ಕರೆಯುವ ಹೆಸರು. ಜನ ಅದನ್ನು ಕೂಗಿದರೆ ಕಣ್ಣೆದುರು ಕಾಣುವುದು ನಾನು. ನಾನು ಸತ್ತ ಮೇಲೆ ನನ್ನ ತಂಗಿಯ ಮಗ ಕಾಣುತ್ತಾನೆ. ಹೆಸರು ಉಳಿಯುತ್ತದೆ. ನೀನು ಮಾತ್ರ, ಆ ಸೊಟ್ಟ ಕಾಲಿನವನು, ಬಳೆಯವನು, ನಂಬರು ಬಿದ್ದ ಹೊರೆಯೊಳಗಿನವನು, ನಮ್ಮ ಲೆಕ್ಕದಿಂದ ಹೊರಗೆ ಹೋದೆ. ಇನ್ನು ನಿನ್ನನ್ನು ಹುಡುಕುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ಮಣ್ಣು ಕಂಡವನನ್ನು ಹುಡುಕಿದರೆ ಕಟ್ಟಳೆ ಮುರಿದಂತೆ. ನಿನ್ನನ್ನು ಕಳೆದುಕೊಂಡದ್ದು ಲಿಂಡಿಯ ಬಂದರಿನಲ್ಲಿ ಎಂದು ಇಷ್ಟು ಕಾಲ ತಿಳಿದಿದ್ದೆ. ಅಲ್ಲ. ಮೊನ್ನೆ, ಮರದ ಕೆಳಗೆ, ನಾನು ಓಗೊಟ್ಟಾಗ.

ಈ ಕಾಗದವನ್ನು ಯಾವ ಹಡಗಿಗೂ ಹಾಕುವುದಿಲ್ಲ. ಹಾಕಿದರೆ ಯಾರೋ ಒಬ್ಬ ಒಳ್ಳೆಯ ಕೈಯವನು, ಕುಂಚ ಹಿಡಿದವನು, ನಿನ್ನನ್ನು ಹುಡುಕಿ ತೆಗೆದು ಬಹಳ ಪ್ರೀತಿಯಿಂದ ಒಡೆಯುತ್ತಾನೆ.

ಆ ಕತ್ತಲಲ್ಲಿ ನಿನ್ನ ಸುತ್ತ ನಮ್ಮ ಗುಡ್ಡದ ದೊಡ್ಡ ಪ್ರಾಣಿಗಳಿವೆ. ಅವೂ ಊರು ಬಿಟ್ಟವೇ. ಹೆದರಬೇಡ. ಅಮ್ಮನ ಮಣ್ಣು ಬಿರಿಯದಿರಲಿ. ಅವರ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ನಿನ್ನ ಸರದಿ ಬಾರದಿರಲಿ. ಮಲಗು ಮಾವ.

ನಿನ್ನ ಅಕ್ಕನ ಮಗ,
ಮೊನ್ನೆಯವರೆಗೆ ತವಾಕಲಿ ಆಗಿದ್ದವನು